ಹತ್ತು ನಿಮಿಷದ ವೆಬ್‌ಸೈಟ್, ಹತ್ತು ವರ್ಷದ ಉಸಾಬರಿ

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾದ 2025ರ ಜುಲೈ ತಿಂಗಳಲ್ಲೇ ಕಂಪ್ಯೂಟರ್ ಲೋಕದಿಂದ ಮೂರು ಸುದ್ದಿ ಬಂದವು. ಎಐ ಬಳಸಿದ ಅನುಭವಿ ಪ್ರೋಗ್ರಾಮರುಗಳು ಕೆಲಸ ಮುಗಿಸಲು ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು ಎಂದು ಅಮೆರಿಕದ ಮೀಟರ್ ಎಂಬ ಸಂಶೋಧನಾ ಸಂಸ್ಥೆ ವರದಿ ಮಾಡಿತು. ಯಾವುದನ್ನೂ ಮುಟ್ಟಬೇಡ ಎಂಬ ಸೂಚನೆ ಇದ್ದರೂ ರೆಪ್ಲಿಟ್ ಕಂಪನಿಯ ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ತಂತ್ರಾಂಶ) ಗ್ರಾಹಕರೊಬ್ಬರ ಚಾಲ್ತಿ ಡೇಟಾಬೇಸನ್ನೇ ಅಳಿಸಿಹಾಕಿತು. ತಿಂಗಳ ಕೊನೆಗೆ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿತು.

ಓದಿದವರಿಗೆ ಗೊಂದಲವಾಗದೆ ಇರುತ್ತದೆಯೇ? ಎಐ ಕೆಲಸವನ್ನು ನಿಧಾನ ಮಾಡುವುದಾದರೆ ನೌಕರಿ ಹೋಗುವುದೇಕೆ? ಡೇಟಾಬೇಸ್ ಅಳಿಸುವ ಯಂತ್ರಕ್ಕೆ ಹೆದರಿ ಮಗಳನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸುವುದೋ ಬೇಡವೋ ಎಂದು ಯೋಚಿಸಬೇಕೇ? ಆಗಿನಿಂದ ಈಚೆಗೂ ಸುದ್ದಿಗಳು ಇದೇ ಧಾಟಿಯಲ್ಲಿ ಎರಡೂ ಕಡೆಗೆ ಎಳೆಯುತ್ತಿವೆ. ಶಿವಮೊಗ್ಗದಂಥ ಊರಿನಲ್ಲಿ ಈ ಗೊಂದಲ ಚೌಕಾಸಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: "ಎಐ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಂತಲ್ಲ ಮಾರಾಯ್ರೆ, ನೀವ್ಯಾಕೆ ಮೂವತ್ತು ಸಾವಿರ ಕೇಳ್ತೀರಿ?"

ಪ್ರಶ್ನೆ ತಪ್ಪಲ್ಲ. ಉತ್ತರ ಕೊಡಬೇಕಾದರೆ ಒಂದು ವೆಬ್‌ಸೈಟಿನ ಖರ್ಚು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ನೋಡಬೇಕು. ಎಐ ಅಗ್ಗ ಮಾಡಿರುವುದು ಕೋಡ್ ಬರೆಯುವ ಭಾಗವನ್ನು. ದುಡ್ಡು ಮತ್ತು ತಲೆನೋವು ಬಹುಪಾಲು ಇದ್ದದ್ದು ಬೇರೆ ಕಡೆ.

ರಗಳೆ ಹಳೆಯದು

ಹದಿನೈದು ವರ್ಷದ ಹಿಂದೆ ಸಣ್ಣ ಸೈಟೊಂದನ್ನು ಫೋಲ್ಡರಿನಲ್ಲಿಟ್ಟು ಸರ್ವರಿಗೆ ಏರಿಸಿದರೆ ಮುಗಿಯುತ್ತಿತ್ತು. ಈಗ ರಿಯಾಕ್ಟ್‌ನಂಥ ಚೌಕಟ್ಟು ಬಳಸಿ ಖಾಲಿ ಪುಟವೊಂದನ್ನು ಶುರು ಮಾಡಿದರೂ ನೂರಾರು ಪ್ಯಾಕೇಜುಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಜತೆಗೆ ಬರುತ್ತವೆ. ಪ್ರತಿ ಪ್ಯಾಕೇಜಿನ ಹಿಂದೆ ಎಲ್ಲೋ ಒಬ್ಬ ಅಪರಿಚಿತ ಇರುತ್ತಾನೆ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದಾತ ಹಿಂತೆಗೆದುಕೊಂಡಾಗ ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್, ಅಂದರೆ ಕೋಡನ್ನು ಜೋಡಿಸಿ ಓಡುವಂತೆ ಮಾಡುವ ಕೆಲಸ, ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಗೆಯ ಅನಾಹುತವಾಯಿತು. ಎನ್‌ಪಿಎಂ ಎಂಬ, ಈ ಪ್ಯಾಕೇಜುಗಳನ್ನು ಇಟ್ಟಿರುವ ಭಂಡಾರದ ಕಡೆಯಿಂದ ಬಂದಂತೆ ಕಾಣುವ ನಕಲಿ ಮೇಲ್ ಕಳಿಸಿ ಒಬ್ಬ ನಿರ್ವಾಹಕನ ಖಾತೆ ಕದ್ದರು. ಚಾಕ್, ಡಿಬಗ್ ಸೇರಿದಂತೆ ವಾರಕ್ಕೆ ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗುವ ಪ್ಯಾಕೇಜುಗಳಿಗೆ ಕಳ್ಳ ಕೋಡ್ ಸೇರಿತು.

ಇಷ್ಟು ದೊಡ್ಡ ಸುದ್ದಿಯಾಗದ ಸಣ್ಣ ಕಿರಿಕಿರಿಗಳೇ ಜಾಸ್ತಿ. ಪಿಎಚ್‌ಪಿ ಎಂಬ ಸರ್ವರ್ ಭಾಷೆಯ 7.4 ಆವೃತ್ತಿಗೆ 2022ರ ನವೆಂಬರಿನಲ್ಲಿ ಬೆಂಬಲ ನಿಂತಿತು. ಸೈಟಿಗೆ ಸರ್ವರಿನಲ್ಲಿ ಜಾಗ ಕೊಡುವ ಹೋಸ್ಟಿಂಗ್ ಕಂಪನಿಯವರು ಒಂದು ದಿನ 8ಕ್ಕೆ ಬದಲಿಸುತ್ತಾರೆ, ಹಳೆಯ ವರ್ಡ್‌ಪ್ರೆಸ್ ಪ್ಲಗಿನ್ (ಸೈಟು ಕಟ್ಟುವ ತಂತ್ರಾಂಶಕ್ಕೆ ಸೇರಿಸುವ ತುಣುಕು) ಕೈಕೊಡುತ್ತದೆ, ಸೈಟು ಬಿಳಿ ಹಾಳೆಯಾಗುತ್ತದೆ. ಬ್ರೌಸರಿನಲ್ಲಿ ಬೀಗದ ಗುರುತು ಕೊಡುವ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೈಯಿಂದ ನವೀಕರಿಸಿದರೆ ಸಾಕಾಗುತ್ತಿದ್ದ ಕಾಲವೂ ಹೋಯಿತು. ಅದರ ಗರಿಷ್ಠ ಆಯುಸ್ಸನ್ನು 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರಲ್ಲಿ 100 ದಿನಕ್ಕೆ, 2029ರಲ್ಲಿ 47 ದಿನಕ್ಕೆ ಇಳಿಸುವ ತೀರ್ಮಾನವಾಗಿದೆ. ನವೀಕರಣ ತಾನಾಗಿ ನಡೆಯುವ ಏರ್ಪಾಡು ಇಲ್ಲದ ಸೈಟು ವರ್ಷಕ್ಕೆ ಹಲವು ಸಲ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ತೋರಿಸಿ ಬಂದವರನ್ನು ಓಡಿಸುತ್ತದೆ.

ಮಲೆನಾಡಿಗೆ ಇದರ ಮೇಲೆ ನೆಟ್‌ವರ್ಕಿನ ಪಾಡು ಬೇರೆ. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಊರವರೇ ಕೂಗು ಹಾಕಿದ ಸೀಮೆ ಇದು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಸಿಗ್ನಲ್ಲೇ ಇಲ್ಲ. ಇದ್ದಾಗಲೂ ಗುಡ್ಡದ ಮರೆಯಲ್ಲಿ ಸೆಕೆಂಡಿಗೆ 500 ಕಿಲೋಬಿಟ್ ಬಂದರೆ ದೊಡ್ಡದು. ಇಂದು ಮೊಬೈಲಿನಲ್ಲಿ ತೆರೆಯುವ ಸಾಧಾರಣ ಮುಖಪುಟದ ತೂಕ 2 ಎಂಬಿ ದಾಟಿದೆ. 2 ಎಂಬಿ ಅಂದರೆ 16,000 ಕಿಲೋಬಿಟ್. ಈ ವೇಗದಲ್ಲಿ 32 ಸೆಕೆಂಡು ಬೇಕು. ಅದೇ ವಿಷಯವನ್ನು 100 ಕೆಬಿಯ ಸರಳ ಪುಟದಲ್ಲಿ ಕೊಟ್ಟರೆ ಎರಡು ಸೆಕೆಂಡಿನೊಳಗೆ ಇಳಿಯುತ್ತದೆ. ಎಐ ಉಪಕರಣಕ್ಕೆ 'ಒಂದು ಸೈಟ್ ಮಾಡು' ಎಂದಷ್ಟೇ ಹೇಳಿದರೆ ಬರುವುದು ಸಾಮಾನ್ಯವಾಗಿ ಮೊದಲ ಜಾತಿಯದು. ಚಲಿಸುವ ಚಿತ್ರ, ಭಾರಿ ಫಾಂಟು, ಬೇಕಿಲ್ಲದ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಎಲ್ಲವೂ ಇರುತ್ತದೆ. ಶಿವಮೊಗ್ಗದ ಆಫೀಸಿನ ಫೈಬರ್ ಲೈನಿನಲ್ಲಿ ನೋಡಿದವರಿಗೆ ಅದು ಚೆಂದವಾಗಿಯೇ ಕಾಣುತ್ತದೆ.

ತೀರ್ಥಹಳ್ಳಿಯನ್ನು ಸರಿಯಾಗಿ ಅಚ್ಚು ಮಾಡುವುದು

ಒಂದು ಉದಾಹರಣೆ ಹಿಡಿದು ಹತ್ತಿರದಿಂದ ನೋಡೋಣ. ಅಡಿಕೆ ಬೆಳೆಗಾರರ ಸಣ್ಣ ಸಹಕಾರ ಸಂಘವೊಂದಕ್ಕೆ ಮೂರು ಸೌಲಭ್ಯ ಬೇಕು ಅಂದುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲಿನ ದಿನದ ಧಾರಣೆ ಪುಟದಲ್ಲಿ ಕಾಣಬೇಕು. ಸದಸ್ಯರಿಗೆ ಕನ್ನಡದಲ್ಲಿ ಪಿಡಿಎಫ್ ರಸೀದಿ ಸಿಗಬೇಕು. ಧಾರಣೆ ಎಸ್‌ಎಂಎಸ್ ಆಗಿಯೂ ಹೋಗಬೇಕು. ಎಐಗೆ ಇಷ್ಟು ಬರೆದುಕೊಟ್ಟರೆ ಹತ್ತು ನಿಮಿಷದಲ್ಲಿ ಪುಟ ತಯಾರಾಗುವುದು ನಿಜ. ಗುಂಡಿಗಳು ಒತ್ತಿದರೆ ಕೆಲಸವನ್ನೂ ಮಾಡುತ್ತವೆ. ಅಲ್ಲಿಂದ ಮುಂದೆ ಏನಾಗುತ್ತದೆ?

ಮೊದಲು ರಸೀದಿ. 'ತೀರ್ಥಹಳ್ಳಿ' ಎಂದು ಕೊಟ್ಟರೆ ಪಿಡಿಎಫ್‌ನಲ್ಲಿ 'ತೀರ್‌ಥಹಳ್‌ಳಿ' ಎಂಬಂತೆ ಮುರಿದುಕೊಂಡು ಬರುತ್ತದೆ. ಇಂಥ ಕೆಲಸಕ್ಕೆ ಎಐ ಪದೇ ಪದೇ ಕೈಹಾಕುವ ಜೆಎಸ್‌ಪಿಡಿಎಫ್‌ನಂಥ ಲೈಬ್ರರಿ ಒಂದೊಂದು ಸಂಕೇತಕ್ಕೆ ಒಂದೊಂದು ಆಕೃತಿಯನ್ನು ಸಾಲಾಗಿ ಇಡುತ್ತದೆ, ಅಷ್ಟೆ. ಕನ್ನಡದಲ್ಲಿ ಹಾಗೆ ಇಟ್ಟರೆ ಆಗುವುದಿಲ್ಲ. ಮೆಮೊರಿಯಲ್ಲಿ ಮೊದಲು ಕೂತಿರುವ 'ರ್' ಅರ್ಕಾವತ್ತಾಗಿ 'ಥ'ದ ಬಲಕ್ಕೆ ಹೋಗಬೇಕು, ಎರಡನೆಯ 'ಳ' ಒತ್ತಾಗಿ ಕೆಳಗಿಳಿಯಬೇಕು, ಗುಡಿಸು ಮೊದಲನೆಯ 'ಳ'ದ ತಲೆಗೆ ಅಂಟಬೇಕು. ಈ ಜೋಡಣೆ ಮಾಡಲು ಶೇಪಿಂಗ್ ಎಂಜಿನ್ ಬೇಕು. ಬ್ರೌಸರುಗಳಲ್ಲಿ ಅದು ಇರುವುದರಿಂದ ತೆರೆಯ ಮೇಲೆ ಎಲ್ಲವೂ ಸರಿ ಕಂಡು, ಪಿಡಿಎಫ್‌ನಲ್ಲಿ ಮಾತ್ರ ಕೆಡುತ್ತದೆ.

ಎಐಗೆ ದೂರಿದರೆ 'ಫಾಂಟ್ ಬದಲಿಸಿದ್ದೇನೆ, ಈಗ ಸರಿಯಾಗಿದೆ' ಎನ್ನುತ್ತದೆ. ಸರಿಯಾಗಿರುವುದಿಲ್ಲ. ಇನ್ನೊಂದು ಫಾಂಟ್ ಹಾಕುತ್ತದೆ, ಮತ್ತೊಂದು ಹಾಕುತ್ತದೆ. ದೋಷ ಫಾಂಟಿನದ್ದಲ್ಲ ಎಂದು ಗೊತ್ತಿದ್ದವರು ಮಾತ್ರ ಈ ಸುತ್ತಿನಿಂದ ಹೊರಬರುತ್ತಾರೆ. ದಾರಿ ಇದೆ: ಸರ್ವರಿನಲ್ಲಿ ಕ್ರೋಮಿಯಂ ಬ್ರೌಸರನ್ನು ತೆರೆಯಿಲ್ಲದೆ ಓಡಿಸಿ ಪುಟವನ್ನೇ ಪಿಡಿಎಫ್ ಆಗಿ ಮುದ್ರಿಸಬಹುದು. ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗಿನಲ್ಲಿ ಕ್ರೋಮಿಯಂಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಪ್ರತ್ಯೇಕ ವರ್ಚುವಲ್ ಸರ್ವರ್ ಬೇಕು. ಅದು ಬೇಡವೆಂದರೆ ಪಿಎಚ್‌ಪಿಯ ಎಂಪಿಡಿಎಫ್ ಲೈಬ್ರರಿಯಲ್ಲಿ ಆ ಫಾಂಟಿಗೆ ಓಪನ್‌ಟೈಪ್ ಲೇಔಟ್ ಎಂಬ, ಇದೇ ಜೋಡಣೆ ಮಾಡುವ ಆಯ್ಕೆಯನ್ನು ಆನ್ ಮಾಡಬೇಕು. ಅದು ಆಫ್ ಇದ್ದರೆ ಮತ್ತೆ ಅದೇ 'ತೀರ್‌ಥಹಳ್‌ಳಿ'.

ಎಣಿಕೆಯದು ಇನ್ನೊಂದು ಕಥೆ. ಕಣ್ಣಿಗೆ ತೀ, ರ್ಥ, ಹ, ಳ್ಳಿ ಎಂದು ನಾಲ್ಕು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಸ್ವರಚಿಹ್ನೆ, ವಿರಾಮ ಎಲ್ಲ ಸೇರಿ 10 ಸಂಕೇತ. ಪ್ರತಿಯೊಂದಕ್ಕೂ ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ 3 ಬೈಟ್ ಬೇಕು, ಒಟ್ಟು 30. ಪಿಎಚ್‌ಪಿಯ ಮಾಮೂಲಿ ಉದ್ದ ಅಳೆಯುವ ಫಂಕ್ಷನ್ 30 ಎಂದೇ ಹೇಳುತ್ತದೆ. 'ಊರಿನ ಹೆಸರು 20 ಅಕ್ಷರದೊಳಗಿರಲಿ' ಎಂಬ ತಪಾಸಣೆಯನ್ನು ಎಐ ತಾನಾಗಿ ಸೇರಿಸಿದ್ದರೆ ತೀರ್ಥಹಳ್ಳಿಯವರ ಅರ್ಜಿ ತಿರಸ್ಕಾರವಾಗುತ್ತದೆ. ಎಸ್‌ಎಂಎಸ್‌ನಲ್ಲೂ ಹಾಗೆಯೇ: ಇಂಗ್ಲಿಷಿಗೆ 160 ಅಕ್ಷರ ಸಿಗುವ ಒಂದು ಸಂದೇಶದಲ್ಲಿ ಕನ್ನಡಕ್ಕೆ 70 ಸಂಕೇತ, ಉದ್ದವಾಗಿ ತುಂಡಾದರೆ ತುಂಡಿಗೆ 67. ನಾಲ್ಕು ಬಗೆಯ ಅಡಿಕೆಗೂ ಕನಿಷ್ಠ, ಗರಿಷ್ಠ ಬರೆದರೆ ಒಂದು ಸಂದೇಶದ ಬದಲು ಮೂರರ ಬಿಲ್ ಬರುವುದು ಸುಲಭ. ಜತೆಗೆ ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಒಂದು ಪದ ಆಚೀಚೆ ಆದರೂ ಸಂದೇಶ ಹೋಗುವುದಿಲ್ಲ. ಎಐ ಕೋಡ್ ಬರೆಯುತ್ತದೆ, ನೋಂದಣಿಗೆ ಹೋಗುವುದಿಲ್ಲ.

ಎಲ್ಲಕ್ಕಿಂತ ಕುತೂಹಲದ ದೋಷ ತಾರೀಖಿನದು. ಸಂಘದವರು ಆಗಸ್ಟ್ 1ರ ಧಾರಣೆ ತುಂಬುತ್ತಾರೆ. ಪುಟದಲ್ಲಿ ಜುಲೈ 31 ಎಂದು ಕಾಣುತ್ತದೆ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಕ್ಯಾಲೆಂಡರಿನಿಂದ ಆರಿಸಿದ ದಿನಾಂಕವನ್ನು ಬಹಳ ಸಲ 'ಆ ದಿನ ಶುರುವಾಗುವ ನಡುರಾತ್ರಿ 12 ಗಂಟೆ' ಎಂದು ಇಟ್ಟುಕೊಳ್ಳಲಾಗುತ್ತದೆ. ಉಳಿಸುವಾಗ ಅದನ್ನು ಜಾಗತಿಕ ಸಮಯಕ್ಕೆ ತಿರುಗಿಸುವ ಕೋಡ್ ಸಾಲು ಸರ್ವೇಸಾಮಾನ್ಯ. ನಮ್ಮ ಸಮಯ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮ ಆಗಸ್ಟ್ 1ರ ನಡುರಾತ್ರಿ ಅಲ್ಲಿ ಜುಲೈ 31ರ ಸಂಜೆ 6:30. ತಾರೀಖಿನ ಭಾಗವನ್ನಷ್ಟೇ ಕತ್ತರಿಸಿಟ್ಟರೆ ಒಂದು ದಿನ ಹಿಂದೆ ಬಿತ್ತು. ನ್ಯೂಯಾರ್ಕಿನ ಗಡಿಯಾರ ಜಾಗತಿಕ ಸಮಯಕ್ಕಿಂತ ಹಿಂದಿದೆ. ಅಲ್ಲಿನ ನಡುರಾತ್ರಿ ಜಾಗತಿಕ ಲೆಕ್ಕದಲ್ಲಿ ಅದೇ ದಿನದ ನಸುಕು. ಅಂದರೆ ಇದೇ ತಪ್ಪು ಕೋಡ್ ಅಮೆರಿಕದಲ್ಲಿ ಸರಿಯಾದ ಉತ್ತರ ಕೊಡುತ್ತದೆ. ಅಲ್ಲಿ ಯಾರಿಗೂ ಕಾಣದೆ ಸಾವಿರಾರು ಕಡೆ ನಕಲಾದ ಸಾಲನ್ನೇ ಎಐ ಮಾಡೆಲ್ ಕಲಿತಿರಬಹುದು, ನಮಗೂ ಅದನ್ನೇ ಕೊಡಬಹುದು. ದಿನಾಂಕವನ್ನು ಸಮಯವಿಲ್ಲದೆ ಬರೀ ವರ್ಷ-ತಿಂಗಳು-ದಿನ ಎಂದು ಉಳಿಸಿದರೆ ಈ ತೊಂದರೆ ಇಲ್ಲ. ಹಾಗೆ ಉಳಿಸು ಎಂದು ಹೇಳಲು ಮಾತ್ರ ಯಾರಿಗಾದರೂ ಹೊಳೆಯಬೇಕು.

ಹಳೆಯ ಸದಸ್ಯರ ಪಟ್ಟಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಇನ್ನೂ ಒಂದು ಸುತ್ತು ಕೆಲಸ. ಅದನ್ನು ಪರಿವರ್ತಕಕ್ಕೆ ಹಾಕಿ, ಹೊರಬಂದ ಹೆಸರುಗಳನ್ನು ಒಬ್ಬರು ಕೂತು ಓದಲೇಬೇಕು.

ಎರಡೂ ಕಡೆಯ ವಾದ

ಎಐ ಪರವಾಗಿ ಮಾತಾಡುವವರು ಸುಮ್ಮನೆ ಬಡಾಯಿ ಕೊಚ್ಚುತ್ತಿಲ್ಲ. ಗೂಗಲ್‌ನ ಹೊಸ ಕೋಡಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ ಎಂದು ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ಹೇಳಿದರು. ಆ ಕೋಡನ್ನು ಎಂಜಿನಿಯರುಗಳು ಪರಿಶೀಲಿಸಿ ಒಪ್ಪುತ್ತಾರೆ ಎಂಬ ಮಾತೂ ಅದರ ಜತೆಗಿತ್ತು. ಶೀರ್ಷಿಕೆಗಳಲ್ಲಿ ಉಳಿದದ್ದು ಮೊದಲರ್ಧ. ಆಂಥ್ರೋಪಿಕ್ ಮುಖ್ಯಸ್ಥ ಡಾರಿಯೋ ಅಮೊಡೇ 2025ರ ಮಾರ್ಚಿನಲ್ಲಿ, ಮೂರರಿಂದ ಆರು ತಿಂಗಳಲ್ಲಿ ಶೇ 90ರಷ್ಟು ಕೋಡನ್ನು ಎಐ ಬರೆಯಲಿದೆ ಎಂದರು. ಎಐ ಮಾರುವ ಕಂಪನಿಯ ಮುಖ್ಯಸ್ಥ ಎಐ ಬಗ್ಗೆ ಹೇಳುವ ಭವಿಷ್ಯವನ್ನು ಮಾರುಕಟ್ಟೆಯ ಮಾತು ಎಂದು ತಿಳಿದು ಕೇಳುವುದು ಒಳ್ಳೆಯದು. ಶೇಕಡಾ ಎಷ್ಟು ಸಾಲು ಯಾರು ಟೈಪು ಮಾಡಿದರು ಎಂಬುದಕ್ಕೂ ಕೆಲಸ ಎಷ್ಟು ಬೇಗ ಮುಗಿಯಿತು ಎಂಬುದಕ್ಕೂ ನೇರ ಸಂಬಂಧವಿಲ್ಲ ಎಂಬುದು ಬೇರೆ ಮಾತು.

ಸಂದೇಹವಾದಿಗಳ ಕೈಯಲ್ಲಿರುವ ಗಟ್ಟಿ ದಾಖಲೆ ಮೀಟರ್ ಸಂಸ್ಥೆಯ ಅಧ್ಯಯನ. 16 ಅನುಭವಿಗಳು, 246 ಕೆಲಸಗಳು. ಎಐ ಇದ್ದರೆ ಶೇ 24ರಷ್ಟು ಬೇಗ ಆಗುತ್ತದೆ ಎಂದು ಅವರು ಮೊದಲು ಅಂದಾಜಿಸಿದ್ದರು. ಮುಗಿದ ಮೇಲೂ ಶೇ 20ರಷ್ಟು ಬೇಗ ಆಯಿತು ಎಂದೇ ನಂಬಿದ್ದರು. ಅಳೆದಾಗ ಶೇ 19ರಷ್ಟು ನಿಧಾನ. ನಿಧಾನವಾಯಿತು ಎನ್ನುವುದಕ್ಕಿಂತ, ನಿಧಾನವಾದದ್ದು ಅವರಿಗೇ ಗೊತ್ತಾಗಲಿಲ್ಲ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. 'ನನಗೆ ಬಹಳ ಬೇಗ ಆಗ್ತಿದೆ' ಎಂಬ ಅನುಭವದ ಮಾತನ್ನು ಸಾಕ್ಷಿ ಎಂದು ಹಿಡಿಯುವಂತಿಲ್ಲ. ಆದರೆ ಈ ಅಧ್ಯಯನವನ್ನೂ ಅಳತೆ ಮೀರಿ ಎಳೆಯಬಾರದು. ಅವರೆಲ್ಲ ತಾವು ವರ್ಷಗಟ್ಟಲೆ ದುಡಿದ, ಮೂಲೆ ಮೂಲೆ ಗೊತ್ತಿದ್ದ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಿದವರು. ಬಳಸಿದ್ದು 2025ರ ಮೊದಲರ್ಧದ ಉಪಕರಣಗಳನ್ನು. ಗೊತ್ತಿಲ್ಲದ ಭಾಷೆಯಲ್ಲಿ ಹೊಸದೊಂದನ್ನು ಶುರು ಮಾಡುವವರಿಗೆ ಲೆಕ್ಕ ಬೇರೆಯಾಗುತ್ತದೆ.

ಸ್ಟಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣದ 2025ರ ಸಮೀಕ್ಷೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಶೇ 84ರಷ್ಟು ಮಂದಿ ಎಐ ಬಳಸುತ್ತಿದ್ದಾರೆ ಅಥವಾ ಬಳಸಲಿದ್ದಾರೆ. ಅದರ ಉತ್ತರದ ನಿಖರತೆಯನ್ನು ನಂಬುವುದಿಲ್ಲ ಎಂದವರು ಶೇ 46. ಹೆಚ್ಚಿನವರ ದೂರು 'ಹೆಚ್ಚೂ ಕಡಿಮೆ ಸರಿ ಇರುತ್ತದೆ, ಪೂರ್ತಿ ಸರಿ ಇರುವುದಿಲ್ಲ' ಎಂಬುದು. ಪೂರ್ತಿ ತಪ್ಪಾದ ಕೋಡ್ ಓಡುವುದೇ ಇಲ್ಲ, ಆಗಲೇ ಗೊತ್ತಾಗುತ್ತದೆ. ಹೆಚ್ಚೂ ಕಡಿಮೆ ಸರಿ ಇರುವುದು ಡೆಮೊ ದಾಟಿ, ಹಣ ಪಾವತಿಯಾಗಿ, ಆಗಸ್ಟ್ 1ರ ತನಕ ಕಾಯುತ್ತದೆ.

ಕೋಡನ್ನು ಓದದೆ ಎಐ ಬರೆದದ್ದನ್ನೇ ಒಪ್ಪುತ್ತ ಹೋಗುವ ರೀತಿಗೆ 'ವೈಬ್ ಕೋಡಿಂಗ್' ಎಂಬ ಹೆಸರನ್ನು 2025ರ ಫೆಬ್ರವರಿಯಲ್ಲಿ ಹುಟ್ಟುಹಾಕಿದ ಎಐ ಸಂಶೋಧಕ ಆಂಡ್ರೆ ಕಾರ್ಪತಿ ಕೂಡ, ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಪ್ರಾಜೆಕ್ಟುಗಳಿಗೆ ಅದು ಪರವಾಗಿಲ್ಲ ಎಂದಿದ್ದರು. ಆ ಷರತ್ತನ್ನು ಮಾರುಕಟ್ಟೆ ಕೇಳಿಸಿಕೊಳ್ಳಲಿಲ್ಲ. ಎಕ್ಸೆಲ್ ಹಾಳೆ ಹಸನು ಮಾಡುವ ಒಂದು ಸಲದ ಸ್ಕ್ರಿಪ್ಟ್, ಅರ್ಥವಾಗದ ಎರರ್ ಸಂದೇಶದ ವಿವರಣೆ, ಫಾರಂನ ಕರಡು, ಇಂಥವಕ್ಕೆ ಎಐ ನಿಜಕ್ಕೂ ಒಳ್ಳೆಯ ಕೈಯಾಳು. ಫಲಿತಾಂಶವನ್ನು ಅಲ್ಲೇ ಕಣ್ಣಾಡಿಸಿ ನೋಡಬಹುದಾದ್ದರಿಂದ ಅಲ್ಲಿ ಅಪಾಯ ಕಡಿಮೆ.

ಇನ್ನು ಟಿಸಿಎಸ್. ಕಡಿತಕ್ಕೆ ಎಐ ತಂದ ಉತ್ಪಾದಕತೆ ಕಾರಣವಲ್ಲ, ಕೌಶಲಕ್ಕೂ ಕೆಲಸಕ್ಕೂ ಹೊಂದಿಕೆಯಾಗದಿರುವುದು ಕಾರಣ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದ್ದರು. ಹೊಡೆತ ಹೆಚ್ಚಾಗಿ ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಆ ಸುದ್ದಿಯನ್ನು ಎಐ ಸಾಮರ್ಥ್ಯದ ಪುರಾವೆಯಾಗಿ ಓದಿದ್ದರಿಂದಲೇ ಗೊಂದಲದ ಅರ್ಧ ಪಾಲು ಹುಟ್ಟಿದ್ದು.

ಡೆಮೊದಲ್ಲಿ ಕಾಣದ ಬಾಗಿಲು

ಭದ್ರತೆಯ ದೋಷ ತಾರೀಖಿನಷ್ಟು ಸಾಧುವಲ್ಲ. ಎಐ ಕಟ್ಟುವ ಸೈಟುಗಳಲ್ಲಿ ಈಗ ಜನಪ್ರಿಯವಾಗಿರುವ ಸೂಪಾಬೇಸ್‌ನಂಥ ಸೇವೆಯಲ್ಲಿ ಬ್ರೌಸರೇ ಡೇಟಾಬೇಸಿನೊಡನೆ ಮಾತಾಡುತ್ತದೆ. ಅದಕ್ಕೆ ಬೇಕಾದ ಸಾರ್ವಜನಿಕ ಕೀಲಿ ಪುಟದೊಳಗೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅದು ತಪ್ಪಲ್ಲ, ವ್ಯವಸ್ಥೆಯೇ ಹಾಗೆ. ರಕ್ಷಣೆ ಇರುವುದು ಯಾವ ಸಾಲನ್ನು ಯಾರು ಓದಬಹುದು ಎಂದು ಪ್ರತಿ ಕೋಷ್ಟಕಕ್ಕೂ ಬರೆಯಬೇಕಾದ ನಿಯಮದಲ್ಲಿ. ಆ ನಿಯಮ ಬರೆಯದೇ ಬಿಟ್ಟರೂ ಸೈಟು ಚೆನ್ನಾಗಿಯೇ ಓಡುತ್ತದೆ, ಡೆಮೊದಲ್ಲಿ ವ್ಯತ್ಯಾಸ ಒಂದಿಷ್ಟೂ ಕಾಣುವುದಿಲ್ಲ. ಆದರೆ ಕೀಲಿ ನಕಲು ಮಾಡಿಕೊಂಡವರಿಗೆ ಇಡೀ ಸದಸ್ಯರ ಪಟ್ಟಿ ಬ್ಯಾಂಕ್ ಖಾತೆ ಸಮೇತ ಸಿಗುತ್ತದೆ.

ಪ್ಯಾಕೇಜುಗಳ ಹಳೆಯ ರಗಳೆಯೂ ಇಲ್ಲಿ ಹೊಸ ವೇಷದಲ್ಲಿ ಬರುತ್ತದೆ. 16 ಮಾಡೆಲ್‌ಗಳಿಂದ 5,76,000 ಕೋಡ್ ತುಣುಕು ಬರೆಸಿದ ಅಧ್ಯಯನವೊಂದರಲ್ಲಿ, ಅವು ಸೂಚಿಸಿದ ಪ್ಯಾಕೇಜುಗಳಲ್ಲಿ ಸುಮಾರು ಐದರಲ್ಲೊಂದು ಅಸ್ತಿತ್ವದಲ್ಲೇ ಇರಲಿಲ್ಲ. ಹಾಗೆ ಹುಟ್ಟುವ ಹೆಸರಿನಲ್ಲೇ ದುರುಳರು ಒಂದು ಪ್ಯಾಕೇಜ್ ಮಾಡಿಟ್ಟು ಕಾಯಬಹುದು.

ಸಣ್ಣದೊಂದು ಪರೀಕ್ಷೆಯನ್ನು ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಮಾಡಬಹುದು. ನಿಮ್ಮ ರಸೀದಿ ತೆರೆದಾಗ ವಿಳಾಸಪಟ್ಟಿಯಲ್ಲಿ ಕೊನೆಗೆ 1041 ಎಂದಿದ್ದರೆ ಅದನ್ನು 1042 ಮಾಡಿ ಎಂಟರ್ ಒತ್ತಿ. ಇನ್ನೊಬ್ಬರ ರಸೀದಿ ತೆರೆದುಕೊಂಡರೆ ಆ ಸೈಟನ್ನು ಅವತ್ತೇ ನಿಲ್ಲಿಸಬೇಕು.

ಬಿಲ್ ಯಾರ ಹೆಸರಿಗೆ

ಅಡಿಕೆ ಸಸಿ ನೆಡುವುದು ಒಂದೆರಡು ದಿನದ ಕೆಲಸ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವುದು ತೋಟ ಇರುವ ತನಕ. ಸೈಟಿನ ಖರ್ಚೂ ಹೀಗೇ ಹಂಚಿಹೋಗಿರುತ್ತದೆ, ಎಐ ಇಳಿಸಿರುವುದು ನೆಡುವ ಕೂಲಿಯನ್ನು. ಇದರ ಮೊದಲ ಪರಿಣಾಮ ಶಿವಮೊಗ್ಗ, ಸಾಗರದಂಥ ಊರುಗಳ ಸಣ್ಣ ವೆಬ್ ಅಂಗಡಿಗಳ ಮೇಲೆ ಆಗಲಿದೆ. ಇಷ್ಟು ದಿನ ಅವರು ಮಾಡುವಾಗ ಒಂದು ಮೊತ್ತ ತೆಗೆದುಕೊಂಡು, ನಿರ್ವಹಣೆಯನ್ನು ದಾಕ್ಷಿಣ್ಯಕ್ಕೆ ಮಾಡಿಕೊಡುತ್ತಿದ್ದರು. ಆ ಮೊದಲ ಮೊತ್ತವೇ ಕುಸಿದರೆ ದಾಕ್ಷಿಣ್ಯಕ್ಕೂ ಜಾಗ ಇರುವುದಿಲ್ಲ. ಬದುಕಿ ಉಳಿಯುವವರು ವಾರ್ಷಿಕ ನಿರ್ವಹಣಾ ಕರಾರು ಬರೆಸಿಕೊಳ್ಳುವವರು.

ಎರಡನೆಯದು ಹೊಸಬರ ಮೇಲೆ. ಫಾರಂ ಮಾಡುವುದು, ಬಣ್ಣ ಬದಲಿಸುವುದು, ಸಣ್ಣ ದೋಷ ತಿದ್ದುವುದು, ಇವೇ ಕಾಲೇಜು ಮುಗಿಸಿ ಬಂದವರು ಕೆಲಸ ಕಲಿಯುತ್ತಿದ್ದ ಮೆಟ್ಟಿಲು. ಅದನ್ನು ಎಐಗೆ ಕೊಟ್ಟ ಕಂಪನಿಗೆ ಈ ವರ್ಷ ಉಳಿತಾಯವಾಗುತ್ತದೆ. ತಾರೀಖಿನ ದೋಷ ಕಂಡುಹಿಡಿಯುವ ಅನುಭವಿ ಎಂಟು ವರ್ಷದ ನಂತರ ಎಲ್ಲಿಂದ ಬರಬೇಕು ಎಂಬುದಕ್ಕೆ ಉತ್ತರವಿಲ್ಲ. ಮಗಳನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸುವುದಾದರೆ ಸೇರಿಸಿ, ಆದರೆ ಕಾಲೇಜು ಕೋಡ್ ಬರೆಯುವುದನ್ನಷ್ಟೇ ಕಲಿಸುತ್ತಿದೆಯೋ ಓದುವುದನ್ನೂ ಕಲಿಸುತ್ತಿದೆಯೋ ವಿಚಾರಿಸಿ. ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಸುವ ಬದಲು ಕೆಟ್ಟ ಪ್ರೋಗ್ರಾಂ ಕೊಟ್ಟು 'ಇದರಲ್ಲಿ ತಪ್ಪೆಲ್ಲಿದೆ' ಎಂದು ಕೇಳುವ ಕಾಲ ಬಂದಿದೆ.

ಮೂರನೆಯದು ಸೈಟು ಮಾಡಿಸುವವರಿಗೆ ನೇರವಾಗಿ ತಟ್ಟುವಂಥದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ದತ್ತಾಂಶಕ್ಕೆ ತಕ್ಕ ಭದ್ರತೆ ಕೊಡದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಸಂಘಕ್ಕೆ ಅಷ್ಟು ಬೀಳಲಾರದು, ಆದರೆ ಹೊಣೆ ಮಾತ್ರ ಮಾಹಿತಿ ಸಂಗ್ರಹಿಸಿದವರದ್ದು. 'ಎಐ ಬರೆದ ಕೋಡು ಸ್ವಾಮಿ' ಎಂಬುದು ಸಮಜಾಯಿಷಿಯಾಗುವುದಿಲ್ಲ.

ಒಪ್ಪಂದಕ್ಕೆ ಮೊದಲು

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಸಂಘದ ಅಥವಾ ಅಂಗಡಿಯ ಹೆಸರಿನಲ್ಲೇ, ನಿಮ್ಮದೇ ಮೇಲ್ ವಿಳಾಸದಲ್ಲಿ ನೋಂದಣಿಯಾಗಬೇಕು. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ ಮೇಲೆ ನವೀಕರಣದ ನೋಟಿಸ್ ಅವನ ಹಳೆಯ ಮೇಲ್‌ಗೆ ಬಂದು ಡೊಮೇನ್ ಕೈಬಿಟ್ಟು ಹೋಗುವುದು ಎಐಗಿಂತ ಹಳೆಯ ಕಾಯಿಲೆ. ಕೋಡಿನ ಪೂರ್ತಿ ಪ್ರತಿ ಮತ್ತು ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ನಿಮ್ಮಲ್ಲಿರಲಿ. ಪರೀಕ್ಷೆಗೊಂದು, ಬಳಕೆಗೊಂದು ಡೇಟಾಬೇಸ್ ಬೇರೆ ಬೇರೆ ಇದೆಯೇ ಎಂದು ಕೇಳಿ. ರೆಪ್ಲಿಟ್ ಪ್ರಕರಣದಲ್ಲಿ ಇದೇ ಬೇರ್ಪಡೆ ಇರಲಿಲ್ಲ, ಘಟನೆಯ ಬೆನ್ನಲ್ಲೇ ಕಂಪನಿ ಅದನ್ನು ಜಾರಿಗೆ ತಂದಿತು.

ಸೈಟನ್ನು ನೋಡಿ ಒಪ್ಪುವುದು ಕಂಪ್ಯೂಟರಿನಲ್ಲಿ ಬೇಡ. ಹೊಸನಗರದ ಕಡೆಯ ಸದಸ್ಯರೊಬ್ಬರ ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಇಲ್ಲದೆ, ಅವರ ಮನೆಯಿಂದಲೇ ತೆರೆಯಲಿ. ರಸೀದಿ ಮುದ್ರಿಸಿ ಊರಿನ ಹೆಸರು, ಒತ್ತಕ್ಷರ ಓದಿ. ಧಾರಣೆ ತುಂಬಿದ ತಾರೀಖೂ ತೋರಿಸುವ ತಾರೀಖೂ ಒಂದೇ ಇದೆಯೇ ನೋಡಿ.

ಕೊನೆಗೆ ಬ್ಯಾಕಪ್. 'ಇದೆ' ಎಂದು ಎಲ್ಲರೂ ಹೇಳುತ್ತಾರೆ. ಹಿಂದಿನ ದಿನದ ಬ್ಯಾಕಪ್‌ನಿಂದ ಬೇರೊಂದು ಖಾಲಿ ಸರ್ವರಿನಲ್ಲಿ ಸೈಟನ್ನು ಎಬ್ಬಿಸಿ ತೋರಿಸಿ ಎನ್ನಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಕೊನೆಯ ಕಂತು ಅದಾದ ಮೇಲೆ ಕೊಟ್ಟರಾಯಿತು.